ಗ್ಯಾಸ್ ಡಿಟೆಕ್ಟರ್ ಕೂರಿಸುವಾಗ ಅದರ ಸ್ಫೋಟ ರಕ್ಷಣೆ ಕೆಡದಂತೆ ನೋಡಿಕೊಳ್ಳುವುದು ಹೇಗೆ

ಸೋರಿದ ಗ್ಯಾಸ್ ಹಿಡಿಯಬೇಕಾದ ಡಿಟೆಕ್ಟರೇ ಆ ಗ್ಯಾಸಿಗೆ ಬೆಂಕಿ ಹಚ್ಚಬಾರದು ಅಲ್ವಾ? ಅದಕ್ಕೇ ಒಳಗಿನ ಉರಿಯನ್ನು ಹೊರಬಿಡದ ಫ್ಲೇಮ್‌ಪ್ರೂಫ್ ಡಬ್ಬಿ ಇರುವುದು. ಆದರೆ ಸರ್ಟಿಫಿಕೇಟ್ ಇದೆ ಅಂತ ಸುಮ್ನೆ ಜೋಡಿಸಿಬಿಟ್ಟರೆ ಸಾಲದು. ಒಂದು ಗ್ಲ್ಯಾಂಡ್ (ಕೇಬಲ್ ಡಬ್ಬಿಯೊಳಗೆ ಹೋಗುವ ಕಡೆ ಅದನ್ನು ಬಿಗಿಯುವ ಭಾಗ) ಸಡಿಲವಾದರೂ ಆ ಸರ್ಟಿಫಿಕೇಟ್ ಬರೀ ಕಾಗದ.

ಮೊದಲು ನೇಮ್‌ಪ್ಲೇಟ್ ಓದಿ. 'ಎಕ್ಸ್ ಡಿಬಿ' ಅಂದರೆ ಫ್ಲೇಮ್‌ಪ್ರೂಫ್, ಝೋನ್ 1 (ಮಾಮೂಲಿ ಕೆಲಸದಲ್ಲೇ ಆಗಾಗ ಗ್ಯಾಸ್ ಬರಬಹುದಾದ ಜಾಗ) ಮತ್ತು 2ಕ್ಕೆ (ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಬರುವ ಜಾಗ) ಸರಿ. ಗ್ಯಾಸ್ ಸದಾ ತುಂಬಿರುವ ಝೋನ್ 0ಗೆ 'ಎಕ್ಸ್ ಐಎ' ಬೇಕು, ಅದರ ಸರ್ಕ್ಯೂಟಿನಲ್ಲಿ ಬೆಂಕಿ ಹೊತ್ತಿಸುವಷ್ಟು ಶಕ್ತಿಯೇ ಇರುವುದಿಲ್ಲ. ಆಮೇಲೆ ಗ್ಯಾಸ್ ಗುಂಪು, ಎಯಿಂದ ಸಿ ಕಡೆಗೆ ಹೋದಂತೆ ಗ್ಯಾಸ್ ಹೆಚ್ಚು ಅಪಾಯಕಾರಿ: ಪ್ರೊಪೇನ್ ಐಐಎ, ಎಥಿಲೀನ್ ಐಐಬಿ, ಹೈಡ್ರೋಜನ್ ಮತ್ತು ಅಸಿಟಿಲೀನ್ ಐಐಸಿ. ಬರೀ ಐಐಬಿ ಅಂತಿರುವುದನ್ನು ಹೈಡ್ರೋಜನ್ ಇರುವಲ್ಲಿ ಹಾಕಲೇಬೇಡಿ. ಮುಂದಿನದು ಬಿಸಿಯ ದರ್ಜೆ: ಟಿ4 ಅಂದರೆ ಡಿಟೆಕ್ಟರಿನ ಮೇಲ್ಮೈ ಬಿಸಿ 135 ಡಿಗ್ರಿ ಮೀರುವುದಿಲ್ಲ, ಟಿ6 ಆದರೆ 85. ಸುತ್ತಲಿನ ಬಿಸಿಯ ಮಿತಿ ಬರೆದಿಲ್ಲದಿದ್ದರೆ ಮೈನಸ್ 20ರಿಂದ 40 ಡಿಗ್ರಿ ಅಂತಲೇ ಲೆಕ್ಕ. ಬಾಯ್ಲರ್ ಪಕ್ಕದಲ್ಲಿ ಅದು ಸಾಲದೇ ಹೋಗಬಹುದು.

ಫ್ಲೇಮ್‌ಪ್ರೂಫ್ ಡಬ್ಬಿಯೊಳಗೆ ಗ್ಯಾಸ್ ಹೋಗುವುದೇ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಗ್ಯಾಸ್ ಒಳಗೆ ಹೋಗಿ ಹೊತ್ತಿಕೊಂಡರೂ ಡಬ್ಬಿ ಆ ಒತ್ತಡ ತಡೆಯುತ್ತದೆ, ಮುಚ್ಚಳದ ಥ್ರೆಡ್ಡಿನ ಸಣ್ಣ ಸಂದಿಯಲ್ಲಿ ಹಾದು ಬರುವಷ್ಟರಲ್ಲಿ ಉರಿ ತಣ್ಣಗಾಗಿ ಹೊರಗಿನ ಗ್ಯಾಸಿಗೆ ಬೆಂಕಿ ತಗಲುವುದಿಲ್ಲ. ಹಾಗಾಗಿ ಆ ಸಂದಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ. ಪೇಂಟ್, ಗೀರು, ತುಕ್ಕು ಯಾವುದೂ ಬೇಡ. ಟೆಫ್ಲಾನ್ ಟೇಪ್ ಸುತ್ತಬೇಡಿ. ಗಟ್ಟಿಯಾಗದ ಗ್ರೀಸ್ ಹಚ್ಚಿ, ಅದೂ ತಯಾರಕರು ಹೇಳಿದ್ದನ್ನೇ. ಕ್ಯಾಟಲಿಟಿಕ್ ಸೆನ್ಸರ್ (ಗ್ಯಾಸನ್ನು ತನ್ನ ಮೇಲೆ ಉರಿಸಿ ಆ ಬಿಸಿಯಿಂದ ಅಳೆಯುವ ಸೆನ್ಸರ್) ಹತ್ತಿರ ಸಿಲಿಕೋನ್ ಇರುವ ಗ್ರೀಸ್ ಬೇಡವೇ ಬೇಡ. ಅದರ ಆವಿಗೆ ಸೆನ್ಸರ್ ಮಂಕಾಗುತ್ತದೆ, ಮೀಟರ್ ಸೊನ್ನೆ ತೋರಿಸುತ್ತಲೇ ಇರುತ್ತದೆ, ಗ್ಯಾಸ್ ಇಲ್ಲ ಅಂತ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಇದಕ್ಕಿಂತ ಅಪಾಯ ಇನ್ನೇನಿದೆ?

ಗ್ಲ್ಯಾಂಡ್ ಕೂಡ ಫ್ಲೇಮ್‌ಪ್ರೂಫ್ ಆಗಿರಬೇಕು, ಕೇಬಲ್ ದಪ್ಪಕ್ಕೆ ಸರಿಯಾಗಿ ಕೂರಬೇಕು. ಬಳಸದ ತೂತಿಗೆ ಸರ್ಟಿಫೈಡ್ ಪ್ಲಗ್ ಹಾಕಿ. ಪ್ಯಾಕಿಂಗ್ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನೇ ಬಿಟ್ಟುಬಿಡುವುದು ಜಾಸ್ತಿ ಕಾಣುವ ತಪ್ಪು. ಡಬ್ಬಿಗೆ ಹೊಸ ತೂತು ಕೊರೆಯಬೇಡಿ.

ಮುಚ್ಚಳ ತೆರೆಯುವ ಮುಂಚೆ ಪವರ್ ತೆಗೆಯಿರಿ, ಪ್ಲೇಟಿನಲ್ಲಿ ಕಾಯುವ ಸಮಯ ಬರೆದಿದ್ದರೆ ಅಷ್ಟು ಹೊತ್ತು ಕಾಯಿರಿ. ಮುಚ್ಚುವಾಗ ಒಂದು ಬೋಲ್ಟೂ ಬಿಟ್ಟುಹೋಗಬಾರದು. ಸೆನ್ಸರ್ ಮುಂದಿನ ಲೋಹದ ಸಿಂಟರ್ ಫಿಲ್ಟರ್ (ಲೋಹದ ಪುಡಿಯಿಂದ ಮಾಡಿದ, ಸಣ್ಣ ರಂಧ್ರಗಳ ಜರಡಿ) ಉರಿ ಹೊರಬರದಂತೆಯೂ ತಡೆಯುತ್ತದೆ. ಧೂಳು ಕಟ್ಟಿದೆ ಅಂತ ಅದನ್ನು ಚುಚ್ಚಬೇಡಿ, ತಯಾರಕರ ಬಿಡಿಭಾಗವನ್ನೇ ತಂದು ಬದಲಿಸಿ.