ನೆಗಡಿ ಬಿಡದ ಮಗುವಿನ ಕಿವಿ ಕಾಯುವುದು ಹೇಗೆ

ಮಗು ಕಿವಿ ಹಿಡಿದುಕೊಂಡು ಅತ್ತ ಕೂಡಲೇ ಬಳ್ಳೊಳ್ಳಿ ಎಣ್ಣೆ ಕಾಸಲು ಹೋಗಬೇಡಿ. ಹಾಕಿದ ಎಣ್ಣೆ ಕಿವಿತಮಟೆಯ ಹೊರಗೇ ನಿಲ್ಲುತ್ತದೆ, ಕೀವು ಇರುವುದು ಅದರ ಹಿಂದೆ. ತಮಟೆ ತೂತಾಗಿದ್ದರಂತೂ ಎಣ್ಣೆ ಒಳಗಿಳಿದು ಕೆಡುಕು ಹೆಚ್ಚಾಗುತ್ತದೆ. ಪದೇ ಪದೇ ಕಿವಿನೋವು ಬರುವ ಮಗುವಿನಲ್ಲಿ ಮೊದಲು ನೋಡಬೇಕಾದ್ದು ಮೂಗನ್ನು.

ತಮಟೆಯ ಹಿಂದಿನ ಜಾಗದಿಂದ ಮೂಗಿನ ಹಿಂಬದಿಗೆ ಯುಸ್ಟೇಷಿಯನ್ ನಳಿಕೆ ಎಂಬ ಸಣ್ಣ ದಾರಿ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಯೊಳಗೆ ಗಾಳಿ ಬಿಡುತ್ತದೆ. ದೊಡ್ಡವರಲ್ಲಿ ಅದು ಸುಮಾರು 35 ಮಿ.ಮೀ. ಉದ್ದ, ಇಳಿಜಾರು. ಕೂಸುಗಳಲ್ಲಿ ಅದರ ಅರ್ಧದಷ್ಟು, ಅದೂ ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತದೆ. ಅಲರ್ಜಿಯಿಂದ ಮೂಗಿನ ಒಳಪದರ ಬಾತರೆ ನಳಿಕೆಯ ಬಾಯಿಯೂ ಮುಚ್ಚುತ್ತದೆ. ಒಳಗೆ ಉಳಿದ ಗಾಳಿ ಹೀರಿಹೋಗಿ ಒತ್ತಡ ಕುಸಿದು ತಮಟೆ ಒಳಕ್ಕೆ ಜಗ್ಗುತ್ತದೆ, ನೀರು ಒಸರಿ ನಿಲ್ಲುತ್ತದೆ. ಆ ನೀರಿಗೆ ಬ್ಯಾಕ್ಟೀರಿಯಾ ಸೇರಿದರೆ ಕೀವು, ಜ್ವರ, ರಾತ್ರಿಯಿಡೀ ಅಳು.

ಹಾಗಂತ ಎಲ್ಲ ಕಿವಿನೋವೂ ಅಲರ್ಜಿಯದಲ್ಲ. ಎರಡು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ವೈರಸ್ ನೆಗಡಿಯೇ ಕಾರಣ. ಅಲರ್ಜಿಯಾದರೆ ಸುಂಬಳ ತಿಳಿನೀರಿನಂತೆ ವಾರಗಟ್ಟಲೆ ಇಳಿಯುತ್ತದೆ, ಜ್ವರ ಇರುವುದಿಲ್ಲ, ಬೆಳಗ್ಗೆ ಎದ್ದೊಡನೆ ಸಾಲುಸೀನು. ಮಗು ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಮೂಡಿರುವುದೂ ಉಂಟು.

ನಮ್ಮ ಕಡೆ ಮೊದಲು ಕೌದಿಯನ್ನು ಪರೀಕ್ಷಿಸಿ. ಪದರದ ಮೇಲೆ ಪದರ ಹಳೆ ಸೀರೆ ಹೊಲಿದ ಕೌದಿ, ಅಲರ್ಜಿ ತರುವ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳಕ್ಕೆ ಒಳ್ಳೆಯ ಮನೆ. ಮಗುವಿನ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು, ಅಂದರೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಕೌದಿ ಹೊರಗೆ ಒಣಗಿದಂತೆ ಕಂಡರೂ ನಡುವಿನ ಪದರ ಹಸಿಯಾಗಿರುತ್ತದೆ, ಆ ತೇವದಲ್ಲೇ ಬೂಷ್ಟು ಹತ್ತುತ್ತದೆ. ಧಾರವಾಡದ ಮಳೆಗಾಲದಲ್ಲಿ ಅದು ಒಣಗುವುದೇ ಕಷ್ಟ. ಆ ತಿಂಗಳುಗಳಲ್ಲಿ ಮಗುವಿಗೆ ತೆಳುವಾದ ಚಾದರ ಸಾಕು.

ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ರಾಶಿ ಮಾಡುವಾಗ, ಹೊಟ್ಟು ತೂರುವಾಗ ಮಗುವನ್ನು ಕಣದಿಂದ ದೂರವಿಡಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿ. ಬೀಡಿ, ಒಲೆ, ಸೊಳ್ಳೆಬತ್ತಿಯ ಹೊಗೆ ಅಲರ್ಜಿಯಲ್ಲದಿದ್ದರೂ ಮೂಗಿನ ಒಳಪದರವನ್ನು ಕೆರಳಿಸುತ್ತದೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಘಾಟೂ ಹಾಗೆಯೇ.

ಮೂಗು ಕಟ್ಟಿದಾಗ ಔಷಧ ಅಂಗಡಿಯ ಸಲೈನ್ ಡ್ರಾಪ್ಸ್ (ಉಪ್ಪುನೀರಿನ ಹನಿ) ಪ್ರತಿ ಹೊಳ್ಳೆಗೆ 2 ಹನಿ ಹಾಕಿ. ಡಾಕ್ಟರು ಮೂಗಿನ ಬಾವು ಇಳಿಸುವ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಹೊಡೆಯುವ ರೀತಿಯಲ್ಲಿ ತಪ್ಪಬೇಡಿ. ಬಾಟಲಿ ಅಲ್ಲಾಡಿಸಿ, ಮಗುವಿನ ತಲೆ ತುಸು ಮುಂದಕ್ಕೆ ಬಾಗಿಸಿ, ಬಾಟಲಿಯ ಮೂತಿಯನ್ನು ಆ ಬದಿಯ ಕಣ್ಣಿನ ಹೊರಮೂಲೆಯ ಕಡೆಗೆ ತಿರುಗಿಸಿ ಹೊಡೆಯಿರಿ. ಎರಡು ಹೊಳ್ಳೆಗಳ ನಡುಗೋಡೆಗೆ ಬಿದ್ದರೆ ಮೂಗು ಒಣಗಿ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಇಳಿದು ವ್ಯರ್ಥ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಬಹಳ ಜನ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಮೂಗು ತಕ್ಷಣ ಬಿಡಿಸುವ ಹನಿಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಹಾಕಬೇಡಿ. ದಿನಗಟ್ಟಲೆ ಬಳಸಿದರೆ ಮೂಗು ಮತ್ತೆ ಗಟ್ಟಿಯಾಗಿ ಕಟ್ಟುತ್ತದೆ.

ಕೂಸಿಗೆ ಮಲಗಿಸಿ ಬಾಟಲಿ ಹಾಲು ಕೊಡಬೇಡಿ, ತಲೆ ಎತ್ತರಕ್ಕಿರಲಿ. 6 ವಾರ, 14 ವಾರ ಮತ್ತು 9 ತಿಂಗಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಪಿಸಿವಿ ಲಸಿಕೆ ತಪ್ಪಿಸಬೇಡಿ. ಕಿವಿ ಸೋಂಕಿನ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ನ್ಯುಮೋಕಾಕಸ್‌ನ ಹಲವು ತಳಿಗಳನ್ನು ಅದು ತಡೆಯುತ್ತದೆ.

6 ತಿಂಗಳೊಳಗಿನ ಕೂಸಿಗೆ ಕಿವಿನೋವಿನ ಅನುಮಾನ ಬಂದರೆ, ಕಿವಿ ಸೋರಿದರೆ, 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಇದ್ದರೆ ಅದೇ ದಿನ ತೋರಿಸಿ. ಕಿವಿಯ ಹಿಂದೆ ಕೆಂಪಗೆ ಬಾತು ಕಿವಿ ಮುಂದಕ್ಕೆ ಚಾಚಿದ್ದರೆ ರಾತ್ರಿಯಾದರೂ ಹುಬ್ಬಳ್ಳಿಯ ಹಿಂದಿನ ಕಿಮ್ಸ್, ಈಗಿನ ಕೆಎಂಸಿಆರ್‌ಐ‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ, ಸೋಂಕು ಎಲುಬಿಗೆ ಇಳಿದಿರಬಹುದು.

ನೋವು ನಿಂತ ಮೇಲೂ ತಮಟೆಯ ಹಿಂದಿನ ನೀರು ವಾರಗಟ್ಟಲೆ ಉಳಿಯಬಹುದು. ಟಿವಿ ಸಪ್ಪಳ ಹೆಚ್ಚಿಸುವ, ಕರೆದರೆ ಓಗೊಡದ ಮಗು ಹಟಮಾರಿಯಲ್ಲ, ಅದಕ್ಕೆ ಕೇಳಿಸುತ್ತಿಲ್ಲ. ಮೂರು ತಿಂಗಳಾದರೂ ನೀರು ಇಳಿಯದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವಂತೆ ಟೀಚರಿಗೆ ಹೇಳಿ, ಮಾತಾಡುವಾಗ ಮಗುವಿನ ಎದುರಿಗೆ ಬಂದು ಮಾತಾಡಿ.