ದಾನದ ದೇಹ, ಉಪ್ಪುದ್ರಾವಣ ಮತ್ತು ಭುಜದ ನರಗಳು: ನನ್ನ ಅನುಭವ

ಕೆಡದಿರಲೆಂದು ಫಾರ್ಮಾಲಿನ್ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ತುಂಬಿದ ದಾನದ ದೇಹದಲ್ಲಿ ತೋಳನ್ನು ಕಿವಿಯವರೆಗೆ ಎತ್ತಲು ಯತ್ನಿಸಿದವರಿಗೆಲ್ಲ ಗೊತ್ತಿರುವಂತೆ, ಕೀಲು ಸರಿಯುವುದಿಲ್ಲ, ಬಲ ಹಾಕಿದರೆ ಅಂಗಾಂಶವೇ ಹರಿಯುತ್ತದೆ. ಪಾಠಕ್ಕೆ ಅಂಥ ದೇಹ ಸಾಕು, ಸಂಶೋಧನೆಗೆ ಸಾಲದು. ಅಲ್ಟ್ರಾಸೌಂಡ್ ನೋಡಿಕೊಂಡು ಭುಜದ ನರಗಳಿಗೆ ಅರಿವಳಿಕೆ ಕೊಡುವ ದಾರಿಯೊಂದನ್ನು ಪರೀಕ್ಷಿಸಲು ನಮಗೆ ಬೇಕಾಗಿದ್ದದ್ದು, ಸೂಜಿಗೆ ಮೃದುವಾಗಿ ದಾರಿ ಬಿಡುವ, ಬಣ್ಣದ ದ್ರವವನ್ನು ತನ್ನ ಪದರಗಳ ನಡುವೆ ಸಹಜವಾಗಿ ಹರಿಯಗೊಡುವ, ಜೊತೆಗೆ ತಿಂಗಳುಗಟ್ಟಲೆ ಕೆಡದೆ ನಿಲ್ಲುವ ದೇಹ. ಪರ್ಯಾಪ್ತ ಉಪ್ಪುದ್ರಾವಣದಿಂದ, ಅಂದರೆ ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ ದ್ರಾವಣದಿಂದ, ಇದನ್ನು ಪಡೆಯಬಹುದೆಂದು ನಾನು ಹೇಳಿದಾಗ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಉಪ್ಪಿನ ದೇಹ ತರಬೇತಿಗೆ ಆದೀತು, ಅಳತೆ ಮಾಡುವ ಕೆಲಸಕ್ಕೆ ಆಗದು, ಆರು ತಿಂಗಳೊಳಗೆ ಬೂಷ್ಟು ಹಿಡಿದು ದಾನಿಯ ದೇಹ ವ್ಯರ್ಥವಾಗುತ್ತದೆ ಎಂಬುದು ಹಿರಿಯರ ಮಾತಾಗಿತ್ತು. ಈಗ ನಮ್ಮಲ್ಲಿ ವರ್ಷ ದಾಟಿದ ದೇಹಗಳಿವೆ. ಅವುಗಳ ಬೆರಳು ಮಡಿಸಿದರೆ ಮುಷ್ಟಿಯಾಗುತ್ತದೆ, ಭುಜವನ್ನು ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಅಳೆದರೆ 150 ಡಿಗ್ರಿಯ ಆಸುಪಾಸು ಸಿಗುತ್ತದೆ. ಹೀಗಾಗಿ ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಬೇರೆ ದಾರಿಗಳನ್ನು ನೋಡದೆ ಇದಕ್ಕೆ ಕೈಹಾಕಿದ್ದಲ್ಲ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಥೀಲ್ ರೂಪಿಸಿ 1992ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಮೃದು ಸಂರಕ್ಷಣೆಯ ಅಳತೆಗೋಲು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಅದಕ್ಕೆ ಬೇಕಾದ ಬೋರಿಕ್ ಆಮ್ಲ, ಗ್ಲೈಕಾಲ್, ನೈಟ್ರೇಟ್ ಲವಣಗಳ ಖರ್ಚನ್ನು ನಾನು ಕೂಡಿಸಿ ನೋಡಿದಾಗ, ದ್ರಾವಣಕ್ಕೆಂದು ನಮಗೆ ಸಿಗುತ್ತಿದ್ದ ವಾರ್ಷಿಕ ಹಣ ಮೂರು ದೇಹಗಳಿಗೂ ಸಾಕಾಗುತ್ತಿರಲಿಲ್ಲ. ದೇಹವನ್ನು ತಿಂಗಳುಗಟ್ಟಲೆ ಮುಳುಗಿಸಿಡುವ ತೊಟ್ಟಿಗಳ ಖರ್ಚು ಬೇರೆ. ಅಮೋನಿಯಂ ನೈಟ್ರೇಟ್ ಸ್ಫೋಟಕಕ್ಕೂ ಬಳಕೆಯಾಗುವ ವಸ್ತುವಾದ್ದರಿಂದ ಅದನ್ನು ತರಿಸಿಕೊಳ್ಳುವ ಕಾಗದಪತ್ರಗಳೇ ಒಂದು ಅಧ್ಯಾಯ. ಇನ್ನೊಂದು ದಾರಿ, ಸಂರಕ್ಷಕವನ್ನೇ ಹಾಕದೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಡುವುದು. ಅಂಗಾಂಶದ ಗುಣದಲ್ಲಿ ಇದಕ್ಕೆ ಸಮಾನವಾದದ್ದಿಲ್ಲ. ಆದರೆ ಇಡೀ ದೇಹ ಕರಗಲು ಎರಡು ಮೂರು ದಿನ ಬೇಕು, ಕರಗಿದ ಮೇಲೆ ಕೆಲಸಕ್ಕೆ ಸಿಗುವುದು ಕೆಲವೇ ದಿನ, ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಅಂಗಾಂಶ ಹಾಳಾಗುತ್ತದೆ, ಸೋಂಕಿನ ಅಪಾಯವೂ ತಪ್ಪುವುದಿಲ್ಲ. ನಮ್ಮ ಅಧ್ಯಯನದಲ್ಲಿ ಒಂದೇ ದೇಹದ ಎರಡೂ ಭುಜಗಳ ಮೇಲೆ ಬೇರೆ ಬೇರೆ ತಂಡಗಳು ಬೇರೆ ಬೇರೆ ವಾರಗಳಲ್ಲಿ ಕೆಲಸ ಮಾಡಬೇಕಾಗಿದ್ದುದರಿಂದ ಆ ದಾರಿಯೂ ಮುಚ್ಚಿತ್ತು.

ಹಾಗೆ ಉಳಿದದ್ದು 1998ರಲ್ಲಿ ಕೋಲ್ಮನ್ ಮತ್ತು ಕೋಗನ್ ಪ್ರಕಟಿಸಿದ ಸೂತ್ರ: ಹೇರಳ ಅಡುಗೆ ಉಪ್ಪು, ಐಸೊಪ್ರೊಪೈಲ್ ಆಲ್ಕೊಹಾಲ್, ಅಲ್ಪ ಪ್ರಮಾಣದ ಫಾರ್ಮಾಲಿನ್, ಫೀನಾಲ್, ಗ್ಲಿಸರಿನ್. ಫಾರ್ಮಾಲ್ಡಿಹೈಡ್ ಅಂಶ ಒಂದು ಶೇಕಡಾಕ್ಕಿಂತ ಕೆಳಗಿರುತ್ತದೆ. ಜಪಾನಿನ ಹಯಾಶಿ ಮತ್ತು ಸಂಗಡಿಗರು 2014ರಲ್ಲಿ ಶಸ್ತ್ರಚಿಕಿತ್ಸಾ ತರಬೇತಿಗೆ ಈ ವಿಧಾನ ಒಗ್ಗುತ್ತದೆಂದು ತೋರಿಸಿದ್ದರು. ನನ್ನ ಲೆಕ್ಕದಲ್ಲಿ ದ್ರಾವಣದ ವೆಚ್ಚ ಥೀಲ್ ವಿಧಾನದ ಆರನೆಯ ಒಂದು ಭಾಗಕ್ಕೂ ಕಡಿಮೆ. ಇನ್ನೊಂದು ಕಾರಣವನ್ನೂ ಹೇಳಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿಯೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ವಿದ್ಯಾರ್ಥಿ ಒಂದೆರಡು ಗಂಟೆ ನಿಂತು ಹೋಗುತ್ತಾನೆ. ನರದ ಕವಲುಗಳನ್ನು ಬಿಡಿಸುತ್ತ ಇಡೀ ದಿನ ದೇಹದ ಮೇಲೆ ಬಾಗಿರುವವನು ಸಂಶೋಧಕ.

ಸೂತ್ರ ಕಾಗದದ ಮೇಲೆ ಸರಳವಾಗಿದೆ, ಆದರೆ ಡ್ರಮ್ಮಿನಲ್ಲಿ ಅದು ಹಾಗೆ ನಡೆದುಕೊಳ್ಳುವುದಿಲ್ಲ. ಉಪ್ಪು 100 ಮಿಲಿಲೀಟರ್ ನೀರಿನಲ್ಲಿ 36 ಗ್ರಾಮಿನಷ್ಟು ಮಾತ್ರ ಕರಗುತ್ತದೆ, ನೀರು ಬಿಸಿ ಮಾಡಿದರೂ ಈ ಅಂಕಿ ಹೆಚ್ಚೇನೂ ಮೇಲೇರುವುದಿಲ್ಲ. ಅಂಥ ಪರ್ಯಾಪ್ತ ದ್ರಾವಣಕ್ಕೆ ಆಲ್ಕೊಹಾಲ್ ಸುರಿದ ಕೂಡಲೇ ಕರಗಿದ್ದ ಉಪ್ಪಿನ ಒಂದು ಪಾಲು ಮತ್ತೆ ಹರಳಾಗಿ ಕೆಳಗಿಳಿಯುತ್ತದೆ. ಕಲಕದೆ ಬಿಟ್ಟರೆ ಆಲ್ಕೊಹಾಲ್ ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಮೊದಮೊದಲ ಪ್ರಯತ್ನಗಳಲ್ಲಿ ತೊಡೆಸಂದಿನ ಧಮನಿಗೆ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ ದ್ರವ ಬಿಟ್ಟರೆ, ಅರ್ಧ ಗಂಟೆ ಚೆನ್ನಾಗಿ ಹರಿದು ಆಮೇಲೆ ಏಕಾಏಕಿ ನಿಲ್ಲುತ್ತಿತ್ತು. ಕ್ಯಾನುಲಾ ಹೊರತೆಗೆದು ಬೆಳಕಿಗೆ ಹಿಡಿದರೆ ಅದರ ತುದಿಯೊಳಗೆ ಸಣ್ಣ ಘನಾಕಾರದ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬಿರಡೆಯಂತೆ ಕೂತಿರುತ್ತಿದ್ದವು. ಧಮನಿಯೊಳಗೆ ಹೋದ ಹರಳುಗಳಂತೂ ಹೊರಗೆ ಬರುವ ಮಾತೇ ಇಲ್ಲ. ಅಂಥ ದೇಹದ ಮೊಣಕಾಲಿನ ಕೆಳಭಾಗ ಸಂರಕ್ಷಣೆಯೇ ಇಲ್ಲದೆ ಉಳಿಯುತ್ತಿತ್ತು. ಇದನ್ನು ಸರಿಪಡಿಸಿದ್ದು ಮೂರು ಬದಲಾವಣೆಗಳಿಂದ. ದ್ರಾವಣವನ್ನು ಹಿಂದಿನ ದಿನವೇ ತಯಾರಿಸಿ ರಾತ್ರಿಯಿಡೀ ತಂಗಲು ಬಿಡುವುದು ಒಂದು, ತಿಳಿಯನ್ನು ಮಾತ್ರ ಎರಡು ಪದರ ಬಟ್ಟೆಯಲ್ಲಿ ಸೋಸಿ ತೆಗೆದುಕೊಳ್ಳುವುದು ಇನ್ನೊಂದು. ಮೂರನೆಯದು ಐದು ವಸ್ತುಗಳನ್ನು ಬೆರೆಸುವ ಅನುಕ್ರಮ. ಅದನ್ನು ಇಲ್ಲಿ ಬರೆಯುವುದಿಲ್ಲ. ಡ್ರಮ್ಮಿನ ಮುಂದೆ ಒಂದು ವಾರ ಕಳೆದವರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಹಣ ಹೆಚ್ಚು ಸೋರಿದ್ದು ಪಂಪಿನಲ್ಲಿ. ಉಪ್ಪಿನ ಕ್ಲೋರೈಡ್ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲನ್ನೂ ಸೂಜಿಮೊನೆಯಷ್ಟು ಗುಳಿ ಬೀಳಿಸಿ ತಿನ್ನುತ್ತದೆ. ದೇಹಕ್ಕೆ ಸಂರಕ್ಷಕ ತುಂಬಲು ಇಲಾಖೆ ಕೊಟ್ಟ ಎಂಬಾಮಿಂಗ್ ಪಂಪಿನ ಒಳಭಾಗ ಕೆಲವೇ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿತು, ದುರಸ್ತಿಗೆ ಕೇಳಿದ ಮೊತ್ತದಲ್ಲಿ ಹೊಸದರ ಅರ್ಧ ಬೆಲೆ ಬರುತ್ತಿತ್ತು. 316 ದರ್ಜೆಯ ಉಕ್ಕಿನ ಪಂಪ್ ಕೊಳ್ಳಿ ಎಂಬ ಸಲಹೆ ಬಂದಿತು. ಆ ಬೆಲೆಗೆ ಎರಡು ವರ್ಷದ ದ್ರಾವಣ ಬರುತ್ತದೆ. ನಾನು ಪಂಪನ್ನೇ ಕೈಬಿಟ್ಟೆ. ನೀರಿನ ಒಂದು ಮೀಟರ್ ಎತ್ತರ ಪಾದರಸದ ಸುಮಾರು 74 ಮಿಲಿಮೀಟರ್ ಒತ್ತಡಕ್ಕೆ ಸಮ. ನಮ್ಮ ದ್ರಾವಣ ನೀರಿಗಿಂತ ಭಾರವಾದ್ದರಿಂದ ಅದೇ ಎತ್ತರಕ್ಕೆ 85ರ ಹತ್ತಿರ ಸಿಗುತ್ತದೆ. ದಪ್ಪ ಪ್ಲಾಸ್ಟಿಕ್ ಕ್ಯಾನನ್ನು ಮೇಜಿನಿಂದ ಒಂದೂವರೆ ಮೀಟರ್ ಮೇಲೆ ತೂಗುಹಾಕಿದರೆ ಜೀವಂತ ಮನುಷ್ಯನ ಧಮನಿಯಲ್ಲಿರುವಷ್ಟೇ ಒತ್ತಡ, ಒಂದೇ ಸಮನಾಗಿ, ವಿದ್ಯುತ್ತಿಲ್ಲದೆ, ರಾತ್ರಿಯಿಡೀ. ವಯಸ್ಕ ದೇಹಕ್ಕೆ 15ರಿಂದ 20 ಲೀಟರ್ ಹೋಗುತ್ತದೆ, ಬಡಕಲು ದೇಹಕ್ಕೆ ಅದಕ್ಕಿಂತ ಕಡಿಮೆ. ಪಂಪಿನ ಒತ್ತಡಕ್ಕೆ ಮುಖ ಊದಿಕೊಳ್ಳುತ್ತಿದ್ದ ತೊಂದರೆಯೂ ಇದರಿಂದ ನಿಂತಿತು. ದುಬಾರಿ ಯಂತ್ರವಿರುವ ಕಡೆಗಳಲ್ಲಿ ಆಗದ ಕೆಲಸವನ್ನು ಒಂದು ಕ್ಯಾನು ಮತ್ತು ಒಂದು ಕೊಕ್ಕೆ ಮಾಡಿದವು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಬೂಷ್ಟಿನ ವಿಷಯದಲ್ಲಿ ಹಿರಿಯರ ಮಾತು ಅರ್ಧ ನಿಜವಾಗಿತ್ತು. ಅದು ಬಂದದ್ದು ಎಲ್ಲೆಡೆ ಅಲ್ಲ. ದ್ರವ ತಲುಪದೆ ಉಳಿದ ಬೆರಳ ತುದಿಗಳಲ್ಲಿ, ಕಾಲ್ಬೆರಳ ಸಂದುಗಳಲ್ಲಿ, ಬೆನ್ನು ಮೇಜಿಗೆ ಒತ್ತಿಕೊಳ್ಳುವ ಕಡೆ. ಧಮನಿಯಿಂದ ಹರಿಸುವ ಮುಖ್ಯ ಧಾರೆ ಮುಗಿದ ಮೇಲೆ ಅಂಗೈ, ಅಂಗಾಲು, ಪೃಷ್ಠಗಳಿಗೆ ಸಿರಿಂಜಿನಿಂದ ಪ್ರತ್ಯೇಕವಾಗಿ ದ್ರಾವಣ ತುಂಬಿಸುವುದನ್ನು ಕಡ್ಡಾಯ ಮಾಡಿದೆ. ದೇಹಕ್ಕೆ ಸುತ್ತುವ ಬಟ್ಟೆಯನ್ನು ಗ್ಲಿಸರಿನ್ ಮತ್ತು ಫೀನಾಲ್ ಬೆರೆತ ನೀರಿನಲ್ಲಿ ನೆನೆಸಿ, ವಾರಕ್ಕೊಮ್ಮೆ ದೇಹದ ಮಗ್ಗುಲು ಬದಲಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಶೀತಲ ಕೊಠಡಿಯಲ್ಲಿಟ್ಟ ಮೇಲೆ ಬೂಷ್ಟು ಕಾಣಿಸಿಕೊಂಡದ್ದು ಅಪರೂಪ.

ಇನ್ನು ಸಂಶೋಧನೆಯ ಮಾತು. ದೇಹ ಸಿಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಯಾವ ಅಧ್ಯಯನಕ್ಕಾದರೂ ಬಳಸಬಹುದು ಎಂದಲ್ಲ. ನಮ್ಮ ಒಪ್ಪಿಗೆ ಪತ್ರದಲ್ಲಿ ಬೋಧನೆ, ಸಂಶೋಧನೆ, ಛಾಯಾಚಿತ್ರ, ಅಂಗಭಾಗವನ್ನು ದೀರ್ಘಕಾಲ ಇಟ್ಟುಕೊಳ್ಳುವಿಕೆ, ಇವಕ್ಕೆಲ್ಲ ದಾನಿಯು ಜೀವಂತವಿದ್ದಾಗ ಬೇರೆ ಬೇರೆಯಾಗಿ ಸಹಿ ಹಾಕಿರಬೇಕು. ಬೋಧನೆಗೆ ಮಾತ್ರ ಒಪ್ಪಿದವರ ದೇಹ ಎಷ್ಟೇ ಚೆನ್ನಾಗಿ ಬಂದಿದ್ದರೂ ನಮ್ಮ ಅಧ್ಯಯನಕ್ಕೆ ಅದನ್ನು ಮುಟ್ಟಲಿಲ್ಲ, ಆ ಕಾರಣಕ್ಕೆ ಕೆಲಸ ಒಂದು ಋತುವಿನಷ್ಟು ಹಿಂದೆ ಬಿದ್ದಿತು. ಅಂತರರಾಷ್ಟ್ರೀಯ ಅಂಗರಚನಾ ಸಂಘಗಳ ಒಕ್ಕೂಟ 2012ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ ತಿಳಿದು ಕೊಟ್ಟ ಒಪ್ಪಿಗೆಗೆ, ದೇಹ ವ್ಯಾಪಾರದ ವಸ್ತುವಾಗದಂತೆ ನೋಡಿಕೊಳ್ಳುವುದಕ್ಕೆ ಮೊದಲ ಸ್ಥಾನವಿದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮುಗಿಯದೆ ನಾವು ದೇಹವನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಪ್ರಿಯಾನ್ ರೋಗದ (ವಿಕೃತ ಪ್ರೋಟೀನಿನಿಂದ ಮೆದುಳು ಕೆಡುವ ರೋಗ) ಗುಮಾನಿಯಿದ್ದರೆ ನೇರವಾಗಿ ನಿರಾಕರಿಸುತ್ತೇವೆ, ಏಕೆಂದರೆ ಉಪ್ಪಾಗಲಿ ಫಾರ್ಮಾಲಿನ್ ಆಗಲಿ ಆ ಪ್ರೋಟೀನನ್ನು ನಿಷ್ಕ್ರಿಯಗೊಳಿಸುವುದಿಲ್ಲ. ಮರಣೋತ್ತರ ಪರೀಕ್ಷೆಯಾದ ದೇಹದಲ್ಲಿ ರಕ್ತನಾಳಗಳು ಕತ್ತರಿಸಿಹೋಗಿರುವುದರಿಂದ ದ್ರಾವಣ ಒಳಗೆ ನಿಲ್ಲದೆ ಸೋರಿಹೋಗುತ್ತದೆ, ಅಂಥ ದೇಹವನ್ನೂ ತೆಗೆದುಕೊಳ್ಳುವುದಿಲ್ಲ. ಬಿಡಿಸಿದ ಪ್ರತಿ ತುಣುಕೂ ದಾನಿಯ ಸಂಖ್ಯೆಯಿರುವ ಅದೇ ಡಬ್ಬಿಗೆ ಹೋಗುತ್ತದೆ, ಅಂತ್ಯಸಂಸ್ಕಾರಕ್ಕೆ ಎಲ್ಲವೂ ಒಟ್ಟಿಗೆ ಮರಳುತ್ತದೆ. ಈ ಕಾವಲು ಕೆಲಸಕ್ಕೆ ಒಬ್ಬ ಸಹಾಯಕರ ಅರ್ಧ ವೇಳೆ ಬೇಕು. ಯೋಜನೆಯ ಲೆಕ್ಕಪತ್ರದಲ್ಲಿ ಆ ಸಂಬಳಕ್ಕೆ ಜಾಗ ಇಡಿ ಎಂದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಸೂಜಿಯ ಪ್ರಯೋಗದಲ್ಲಿ ಉಪ್ಪಿನ ದೇಹ ನನ್ನ ನಿರೀಕ್ಷೆಯನ್ನೂ ಮೀರಿತು. ಅಲ್ಟ್ರಾಸೌಂಡ್ ಪರದೆಯಲ್ಲಿ ಸ್ನಾಯುಗಳ ನಡುವಿನ ಪೊರೆ ಬಿಳಿ ಗೆರೆಯಾಗಿ ಸ್ಪಷ್ಟವಾಗಿ ಕಾಣುತ್ತದೆ, 20 ಮಿಲಿಲೀಟರ್ ಬಣ್ಣದ ದ್ರವ ಬಿಟ್ಟರೆ ಆ ಗೆರೆ ಎರಡಾಗಿ ಸೀಳಿ ನಡುವೆ ಕಪ್ಪು ಜಾಗ ತೆರೆದುಕೊಳ್ಳುತ್ತದೆ. ಕೂಡಲೇ ಬಿಡಿಸಿ ನೋಡಿದಾಗ ಬಣ್ಣ ಯಾವ ನರದವರೆಗೆ ಹೋಗಿದೆ, ಎಲ್ಲಿ ತಡೆದಿದೆ ಎಂಬುದನ್ನು ಸ್ಕೇಲಿಟ್ಟು ಅಳೆಯಬಹುದು. ಒಂದು ಎಚ್ಚರಿಕೆಯೆಂದರೆ, ಧಾರೆಯೊಡನೆ ಗಾಳಿ ಒಳಹೋಗಿದ್ದರೆ ಪರದೆಯ ಮೇಲೆ ಬರೀ ನೆರಳೇ ಕಾಣುತ್ತದೆ. ಕ್ಯಾನುಲಾ ಕಟ್ಟುವ ಮೊದಲು ಕೊಳವೆಯ ಗಾಳಿಯನ್ನು ಪೂರ್ತಿ ಹೊರಡಿಸುವುದು ಎಲ್ಲರೂ ಬಲ್ಲ ಸಂಗತಿ. ಧಾರೆಗೆ ಮುಂಚೆ ರಕ್ತ ತೊಳೆಯುವ ನೀರಿಗೆ ನಾನು ಇನ್ನೊಂದು ವಸ್ತುವನ್ನು ಒಂದು ಹಿಡಿಯಷ್ಟು ಸೇರಿಸುತ್ತೇನೆ, ಹೆಪ್ಪುಗಟ್ಟಿದ ರಕ್ತ ಅದರಿಂದ ಬೇಗ ಸಡಿಲವಾಗುತ್ತದೆ. ಅದನ್ನು ನಮ್ಮ ವರದಿ ಪ್ರಕಟವಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಮಾಡಿದ ಕೆಲವು ಪಕ್ಕದ ಪ್ರಯೋಗಗಳೂ ಇವೆ. ಧಮನಿಗಳನ್ನು ಕೆಂಪು ಲೇಟೆಕ್ಸಿನಿಂದ (ದ್ರವ ರಬ್ಬರಿನಿಂದ) ತುಂಬಿಸಿದರೆ ಚಿತ್ರಗಳು ಚೆನ್ನಾಗಿ ಬರುತ್ತವೆಂದು ಆಸೆಪಟ್ಟು ನೋಡಿದೆ. ನಾಳದಲ್ಲಿ ಉಳಿದ ಉಪ್ಪಿಗೆ ತಾಗಿದೊಡನೆ ಲೇಟೆಕ್ಸ್ ಗಟ್ಟಿಯಾಗಿ ಮೊಣಕೈಯನ್ನೂ ದಾಟಲಿಲ್ಲ. ತೆಳು ಅಮೋನಿಯಾ ನೀರಿನಿಂದ ನಾಳಗಳನ್ನು ಮೊದಲು ತೊಳೆದಾಗ ಅಂಗೈಯ ಕಮಾನಿನವರೆಗೆ ಹೋಯಿತು, ಬೆರಳಿಗೆ ಇಳಿಯಲಿಲ್ಲ, ಅಲ್ಲಿಗೆ ಬಿಟ್ಟೆ. ವಿದ್ಯುತ್ತಿನ ಬಿಸಿಯಿಂದ ಅಂಗಾಂಶ ಕತ್ತರಿಸುವ ವಿದ್ಯುತ್ ಕಾಟರಿ ಈ ಅಂಗಾಂಶದಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ, ಉಪ್ಪು ವಿದ್ಯುತ್ತನ್ನು ಚೆನ್ನಾಗಿ ಹಾಯಿಸುವುದರಿಂದ ಯಂತ್ರವನ್ನು ಕೆಳಗಿನ ಮಟ್ಟದಲ್ಲಿಡಬೇಕು. ಸ್ನಾಯುರಜ್ಜುಗಳನ್ನು ಎಳೆದು ಮುರಿಯುವ ಪರೀಕ್ಷೆಯನ್ನೂ ಮಾಡಿಸಿದೆ. ಫಲಿತಾಂಶಗಳು ಒಂದು ದೇಹದಿಂದ ಇನ್ನೊಂದಕ್ಕೆ ಅಷ್ಟು ಚದುರಿದ್ದವು ಎಂದರೆ, ಬಲದ ಅಳತೆ ಬೇಕಾದವರಿಗೆ ಹೆಪ್ಪುಗಟ್ಟಿಸಿದ ಅಂಗಾಂಶವನ್ನೇ ಕೇಳಿ ಎಂದು ಈಗ ಮೊದಲ ಮಾತಿನಲ್ಲೇ ಹೇಳಿಬಿಡುತ್ತೇನೆ. ಹೊಡೆತಕ್ಕೆ ಮೂಳೆ ಮುರಿಯುವ ಅಧ್ಯಯನದವರಿಗೂ ಇದೇ ಉತ್ತರ.

ಬಗೆಹರಿಯದೆ ಉಳಿದಿರುವುದು ಮೆದುಳು. ಇಷ್ಟು ಕಡಿಮೆ ಫಾರ್ಮಾಲಿನ್‌ನಲ್ಲಿ ಅದು ಗಟ್ಟಿಯಾಗುವುದಿಲ್ಲ, ತಲೆಬುರುಡೆ ತೆರೆದಾಗ ಕೈಗೆ ಎತ್ತಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಕತ್ತಿನ ಧಮನಿಗಳನ್ನು ಕಟ್ಟಿ ತಲೆಗೆ ಮಾತ್ರ ಗಾಢವಾದ ಫಾರ್ಮಾಲಿನ್ ಬಿಟ್ಟರೆ ಮೆದುಳು ನಿಲ್ಲುತ್ತದೆ, ಆದರೆ ಅದರೊಡನೆ ಮುಖ ಮತ್ತು ದವಡೆಯ ಕೀಲು ಬಿಗಿಯಾಗಿ ದಂತ ವಿಭಾಗದವರಿಗೆ ನಿರುಪಯೋಗಿ. ಬುರುಡೆಗೆ ಸಣ್ಣ ರಂಧ್ರ ಕೊರೆದು ಮೆದುಳಿನ ಕುಹರಗಳಿಗೆ ನೇರವಾಗಿ ಫಾರ್ಮಾಲಿನ್ ಸೇರಿಸುವ ಪ್ರಯೋಗವನ್ನು ಈ ವರ್ಷ ಶುರು ಮಾಡಿದ್ದೇವೆ, ಪಂಪಿನಲ್ಲಿ ಉಳಿಸಿದ ಹಣದಿಂದಲೇ ಕೊರೆಯುವ ಉಪಕರಣ ಬಂದಿದೆ. ಎರಡು ತಲೆಗಳಲ್ಲಿ ಮೇಲ್ಭಾಗ ಗಟ್ಟಿಯಾಗಿದೆ, ಮಿದುಳುಕಾಂಡ ಇನ್ನೂ ಮೆತ್ತಗೇ ಇದೆ. ಮುಂದಿನ ದೇಹದಲ್ಲಿ ಸೂಜಿಯನ್ನು ಬೆನ್ನುಹುರಿಯ ಮೇಲ್ತುದಿಯ ಕಡೆಯಿಂದ ಒಳಗೆ ಕೊಂಡೊಯ್ಯಲು ಅನುಮತಿ ಸಮಿತಿಗೆ ಅರ್ಜಿ ಹಾಕಿದ್ದೇನೆ.