ಡಬಲ್ಸ್ ಆಟವನ್ನೇ ಆರಿಸಿಕೊಂಡೆ: ನನ್ನ ಅನುಭವ

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಟ್ಟಿದ್ದು ಮೇಲಿನಿಂದ ಬಿರುಸಾಗಿ ಬಾರಿಸುವ ಸ್ಮ್ಯಾಶ್‌ಗೆ ಅಲ್ಲ, ಸರ್ವಿಸ್‌ಗೆ. ಈಗ ಮೈಸೂರಿನಲ್ಲಿ ಮಕ್ಕಳಿಗೆ ಆಟ ಕಲಿಸುವಾಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ. ಹೊಸದಾಗಿ ಸೇರಿದ ಮಕ್ಕಳಿಗೆ ಬೇಜಾರಾಗುತ್ತದೆ. ಅಪ್ಪ ಅಮ್ಮಂದಿರಿಗೆ ಇನ್ನೂ ಜಾಸ್ತಿ. "ಮೇಡಂ, ಸಿಂಗಲ್ಸ್ ಯಾವಾಗ ಆಡಿಸ್ತೀರಾ?" ಅಂತ ಕೇಳುತ್ತಾರೆ. ಸಿಂಗಲ್ಸ್‌ನಲ್ಲಿ ಆಗದೇ ಇದ್ದವರು ಡಬಲ್ಸ್ ಆಡುತ್ತಾರೆ ಅನ್ನುವುದು ತುಂಬಾ ಜನರ ತಲೆಯಲ್ಲಿ ಕೂತುಬಿಟ್ಟಿದೆ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಮಂಡ್ಯ ಜಿಲ್ಲೆಗೆ ಆಡಿದ್ದು, ಯೂನಿವರ್ಸಿಟಿಗೆ ಆಡಿದ್ದು, ರಾಜ್ಯ ಮಟ್ಟದ ಟೂರ್ನಿಗಳಲ್ಲಿ ಗೆದ್ದಿದ್ದು, ಎಲ್ಲವೂ ಡಬಲ್ಸ್‌ನಲ್ಲೇ. ಬೇಕು ಅಂತಲೇ ಅದನ್ನು ಆರಿಸಿಕೊಂಡೆ. ಅದು ಬೇರೆಯದೇ ವಿದ್ಯೆ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ನಮ್ಮ ಕಡೆ ಶಟಲ್‌ಗಿಂತ ಮೊದಲು ಕೈಗೆ ಸಿಗುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಶಾಲೆ ಮೈದಾನದಲ್ಲಿ ಎರಡು ಕಂಬ, ಸುಣ್ಣದ ಗೆರೆ, ಹಳದಿ ಉಲ್ಲನ್ ಚೆಂಡು. ಒಂದು ಕಡೆಗೆ ಐದು ಜನ: ಮುಂದೆ ಇಬ್ಬರು, ನಡುವೆ ಒಬ್ಬರು, ಹಿಂದೆ ಇಬ್ಬರು. ಚೆಂಡು ಯಾರದು, ಯಾರು ಬಿಡಬೇಕು, ಪಕ್ಕದವಳು ಮುಂದೆ ನುಗ್ಗಿದರೆ ಅವಳ ಜಾಗಕ್ಕೆ ಯಾರು ಹೋಗಬೇಕು, ಇದೆಲ್ಲ ಅಲ್ಲೇ ಮೈಗೆ ಹತ್ತಿತು. ಹಾಗಾಗಿ ಮಂಡ್ಯದ ಒಳಾಂಗಣಕ್ಕೆ ಬಂದು ಗರಿಯ ಕಾಕ್, ಅಂದರೆ ಶಟಲ್, ಹೊಡೆಯಲು ಶುರು ಮಾಡಿದಾಗ ಕೋರ್ಟ್‌ನಲ್ಲಿ ಇನ್ನೊಬ್ಬಳು ಇರುವುದೇ ನನಗೆ ಸಹಜ ಅನ್ನಿಸಿತು. ನಮ್ಮ ಮೇಷ್ಟ್ರು ಅದನ್ನು ಗಮನಿಸಿ, ನನಗಿಂತ ದೊಡ್ಡವಳಾದ ಒಬ್ಬ ಹುಡುಗಿಯ ಜೊತೆ ಜೋಡಿ ಮಾಡಿದರು. ಅವಳನ್ನು ಆಗ ಅಕ್ಕ ಅಂತ ಕರೆದೆ. ಇವತ್ತಿಗೂ ಅಕ್ಕನೇ.

ಸರ್ವಿಸ್ ವಿಷಯಕ್ಕೆ ಬರುತ್ತೇನೆ. 2006ರ ತನಕ ಅಂಕದ ಲೆಕ್ಕ ಬೇರೆ ಇತ್ತು. ಡಬಲ್ಸ್‌ನಲ್ಲಿ 15 ಅಂಕಕ್ಕೆ ಒಂದು ಗೇಮ್. ಸರ್ವಿಸ್ ಇದ್ದವರಿಗೆ ಮಾತ್ರ ಅಂಕ. ಒಬ್ಬಳು ಸರ್ವಿಸ್ ಕಳೆದುಕೊಂಡರೂ ಸಾಮಾನ್ಯವಾಗಿ ಜೊತೆಯವಳ ಸರ್ವಿಸ್ ಬಾಕಿ ಇರುತ್ತಿತ್ತು. ಆಮೇಲೆ 21 ಅಂಕದ ಲೆಕ್ಕ ಬಂತು. ರ್‍ಯಾಲಿ ಯಾರು ಗೆದ್ದರೂ ಅಂಕ ಅವರದೇ. ಎರಡನೇ ಸರ್ವಿಸ್ ಹೋಯಿತು. ಈಗ ಸರ್ವಿಸ್ ನೆಟ್‌ಗೆ ತಗುಲಿ ಆಚೆ ಹೋಗದೆ ಬಿದ್ದರೆ ಎದುರಾಳಿಗೆ ಸುಮ್ನೆ ಒಂದು ಅಂಕ ಕೊಟ್ಟ ಹಾಗೆ.

ಕೋರ್ಟಿನ ಅಳತೆಯೂ ಇದಕ್ಕೆ ಕಾರಣ. ಡಬಲ್ಸ್ ಕೋರ್ಟ್ 6.10 ಮೀಟರ್ ಅಗಲ, ಸಿಂಗಲ್ಸ್ 5.18. ಅಗಲ ಜಾಸ್ತಿ, ಆದರೆ ಸರ್ವಿಸ್ ಬೀಳಬೇಕಾದ ಚೌಕ ಉದ್ದದಲ್ಲಿ ಚಿಕ್ಕದು. ಹಿಂದಿನ ಗೆರೆಯಿಂದ 76 ಸೆಂಟಿಮೀಟರ್ ಒಳಗೆ ಇನ್ನೊಂದು ಗೆರೆ ಇದೆ, ಸರ್ವಿಸ್ ಅದನ್ನು ದಾಟುವ ಹಾಗಿಲ್ಲ. ಸಿಂಗಲ್ಸ್ ಥರ ಎತ್ತರಕ್ಕೆ ಹೊಡೆದು ಎದುರಾಳಿಯನ್ನು ಹಿಂದಕ್ಕೆ ಅಟ್ಟೋಣ ಅಂದರೆ ಆಗಲ್ಲ. ಅವಳು ಒಂದು ಹೆಜ್ಜೆ ಹಿಂದೆ ಹೋಗಿ ಸ್ಮ್ಯಾಶ್ ಹೊಡೆಯುತ್ತಾಳೆ. ಹಾಗಾಗಿ ಗಿಡ್ಡ ಸರ್ವಿಸ್ ಹಾಕಬೇಕು, ಅದೂ ನೆಟ್ ಸವರಿಕೊಂಡು ಹೋಗಬೇಕು.

ನಾನು ಅಭ್ಯಾಸ ಮಾಡಿದ್ದು ಹೀಗೆ. ನೆಟ್‌ನ ಬಿಳಿ ಪಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ, ಆ ಕಂಬದಿಂದ ಈ ಕಂಬಕ್ಕೆ ಗೋಣಿದಾರ ಕಟ್ಟುತ್ತಿದ್ದೆ. ಕಾಕ್ ಪಟ್ಟಿಗೂ ದಾರಕ್ಕೂ ನಡುವೆ ತೂರಬೇಕು. ಅದು ಕೈಗೆ ಬಂದ ಮೇಲೆ ದಾರವನ್ನು ನಾಲ್ಕು ಬೆರಳಿಗೆ ಇಳಿಸಿದೆ. ಹೆಬ್ಬೆರಳು ಹಿಡಿಯ ಅಗಲವಾದ ಬದಿಯ ಮೇಲೆ, ಉಳಿದ ಬೆರಳು ಸಡಿಲ. ಎಡಗೈಯ ಎರಡೇ ಬೆರಳಲ್ಲಿ ಗರಿಯ ತುದಿ ಹಿಡಿಯಬೇಕು, ಬುಡದ ಕಾರ್ಕ್ ರಾಕೆಟ್ ಕಡೆಗೆ ನೋಡುತ್ತಿರಬೇಕು. ತೋಳು ಬೀಸುವುದಿಲ್ಲ, ಬೆರಳಿಂದ ತಳ್ಳುವುದು ಅಷ್ಟೇ. ನೆಟ್ ನಡುವೆ 1.524 ಮೀಟರ್ ಎತ್ತರ ಇದೆ. 2018ರಿಂದ ಸರ್ವಿಸ್ ಹೊಡೆಯುವಾಗ ಇಡೀ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು ಅನ್ನುವ ನಿಯಮ ಬಂದಿದೆ. ಅಂದರೆ ಕಾಕ್ ಮೇಲಕ್ಕೆ ಹತ್ತಲೇಬೇಕು. ಆದರೆ ಅದರ ಅತಿ ಎತ್ತರದ ಜಾಗ ನಮ್ಮ ಕಡೆಯೇ ಮುಗಿದು, ನೆಟ್ ದಾಟುವ ಹೊತ್ತಿಗೆ ಇಳಿಯಲು ಶುರುವಾಗಿರಬೇಕು. ಆಗ ಎದುರಾಳಿ ಎಷ್ಟೇ ಬೇಗ ನುಗ್ಗಿದರೂ ಕೆಳಗಿನಿಂದಲೇ ಎತ್ತಿ ಹೊಡೆಯಬೇಕಾಗುತ್ತದೆ. ನನ್ನ ಮಕ್ಕಳಿಗೆ ಈ 1.15 ಮೀಟರ್ ಗೊತ್ತಾಗಲಿ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ಸರ್ವಿಸ್, ಅದಕ್ಕೆ ಬರುವ ಉತ್ತರ, ಆ ಉತ್ತರಕ್ಕೆ ನಮ್ಮ ಉತ್ತರ. ಈ ಮೂರು ಹೊಡೆತ ಯಾರ ಕೈಯಲ್ಲಿದೆಯೋ ಡಬಲ್ಸ್ ಅವರ ಕೈಯಲ್ಲಿದೆ ಅಂತ ನಾನು ನಂಬುತ್ತೇನೆ. ದೊಡ್ಡ ರ್‍ಯಾಲಿಗಳು ನೋಡಲು ಚೆಂದ. ಅಭ್ಯಾಸದ ಹೊತ್ತನ್ನು ಮಾತ್ರ ಈ ಮೂರಕ್ಕೇ ಜಾಸ್ತಿ ಕೊಡಬೇಕು.

ಇನ್ನು ಜೋಡಿ. ಅಕ್ಕ ಹಿಂದೆ ನಿಂತು ಹೊಡೆಯುವವಳು, ನಾನು ಮುಂದೆ. ಮುಂದೆ ನಿಂತವಳು ಹಿಂದೆ ತಿರುಗಿ ನೋಡಬಾರದು. ಒಂದು, ಕಾಕ್ ಕಣ್ಣಿಗೆ ಬಡಿಯಬಹುದು. ಇನ್ನೊಂದು, ತಿರುಗಿ ಮುಂದೆ ನೋಡುವಷ್ಟರಲ್ಲಿ ಎದುರಿನಿಂದ ಉತ್ತರ ಬಂದುಬಿಟ್ಟಿರುತ್ತದೆ. ಹಾಗಾದರೆ ಜೊತೆಯವಳು ಎಲ್ಲಿದ್ದಾಳೆ ಅಂತ ತಿಳಿಯೋದು ಹೇಗೆ? ಕಿವಿಯಿಂದ. ಅಕ್ಕನ ಶೂ ಸದ್ದು ಬಲಗಡೆಯಿಂದ ಬಂದರೆ ನಾನೂ ಅರ್ಧ ಹೆಜ್ಜೆ ಬಲಕ್ಕೆ ಸರಿಯುತ್ತಿದ್ದೆ, ಏಕೆಂದರೆ ನೇರಕ್ಕೆ ವಾಪಸ್ ಬರುವ ಕಾಕ್ ಆ ದಾರಿಯಲ್ಲೇ ಬರುತ್ತದೆ. ಸ್ಮ್ಯಾಶ್ ಸದ್ದಿಗೂ, ನೆಟ್ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್ ಸದ್ದಿಗೂ ವ್ಯತ್ಯಾಸ ಇದೆ. ಸ್ಮ್ಯಾಶ್ ಆದರೆ ಮುಂದಿನ ಸರ್ವಿಸ್ ಗೆರೆಯೂ ನಡುಗೆರೆಯೂ ಸೇರುವ ಟೀ ಗೆರೆಯ ಹತ್ತಿರ ನಿಂತು ರಾಕೆಟ್ ಮುಖದ ಎತ್ತರಕ್ಕೆ ಹಿಡಿಯುತ್ತಿದ್ದೆ. ಡ್ರಾಪ್ ಆದರೆ ನೆಟ್ ಕಡೆ ನುಗ್ಗುತ್ತಿದ್ದೆ.

ಇಬ್ಬರ ನಡುವೆ ಬೀಳುವ ಕಾಕ್ ವಿಷಯದಲ್ಲಿ ಎಷ್ಟೋ ಜೋಡಿಗಳು ಮುರಿದಿದ್ದು ನೋಡಿದ್ದೇನೆ. ನಾವು ಅದನ್ನು ಕೋರ್ಟ್‌ಗೆ ಇಳಿಯುವ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಇಬ್ಬರೂ ಅಕ್ಕಪಕ್ಕ ನಿಂತು ತಡೆಯುವಾಗ, ಹೊಡೆಯುವವಳ ನೇರಕ್ಕೆ ಇರುವವಳು ಪಕ್ಕದ ಗೆರೆ ಕಾಯಬೇಕು. ಓರೆಯಲ್ಲಿ ಇರುವವಳು ಸ್ವಲ್ಪ ಒಳಗೆ ಬಂದು ನಡುವಿನದು ತಗೋಬೇಕು. ನಮ್ಮಲ್ಲಿ ಯಾರಾದರೂ ಎತ್ತಿ ಹೊಡೆದ ಕೂಡಲೇ ಇಬ್ಬರೂ ಅಕ್ಕಪಕ್ಕ ಹೋಗಬೇಕು. ಎದುರಿನವರು ಎತ್ತಿಕೊಟ್ಟರೆ ಒಬ್ಬಳು ಹಿಂದೆ, ಒಬ್ಬಳು ಮುಂದೆ. ಕಾಕ್ ಹೊರಗೆ ಹೋಗುತ್ತಿದೆ ಅನ್ನಿಸಿದರೆ ಅಕ್ಕ ಹಿಂದಿನಿಂದ "ಬುಡು ಕಣಮ್ಮಿ!" ಅಂತ ಕೂಗುತ್ತಿದ್ದಳು. ಅವಳು ಬುಡು ಅಂದರೆ ನಾನು ಬಿಡಲೇಬೇಕು, ನನ್ನ ಕಣ್ಣಿಗೆ ಒಳಗೆ ಕಂಡರೂ ಸರಿ. ಆ ನಂಬಿಕೆ ಇಲ್ಲದೆ ಇದ್ದರೆ ಕೂಗಿ ಏನು ಪ್ರಯೋಜನ, ಅಲ್ವಾ? ಅಂಕ ಹೋದರೂ ಬಂದರೂ ಇಬ್ಬರೂ ಹತ್ತಿರ ಬಂದು ಕೈ ಮುಟ್ಟಿ ಹೋಗುತ್ತಿದ್ದೆವು. ತಪ್ಪು ಒಪ್ಪು ಏನಿದ್ದರೂ ಮಂಡ್ಯಕ್ಕೆ ವಾಪಸ್ ಬರುವ ರೈಲಿನಲ್ಲಿ.

ನಾನು ಕಣ್ಣಿಟ್ಟು ನೋಡಿದ ಆಟಗಾರ್ತಿ ಅಂದರೆ ಅಶ್ವಿನಿ ಪೊನ್ನಪ್ಪ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ ಗೆದ್ದಾಗ ನಮ್ಮ ಒಳಾಂಗಣದಲ್ಲಿ ಆ ಪಂದ್ಯದ ಮಾತು ಬಹಳ ದಿನ ನಡೆಯಿತು. ಮರುವರ್ಷ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಜೋಡಿಗೆ ಕಂಚು ಬಂತು. ಅದಕ್ಕೆ ಮುಂಚೆ ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಪದಕ ಬಂದಿದ್ದು ಒಂದೇ ಸಲ, 1983ರಲ್ಲಿ ಪ್ರಕಾಶ್ ಪಡುಕೋಣೆ ಅವರಿಂದ. ಎರಡನೇ ಪದಕ ತಂದಿದ್ದು ಮಹಿಳೆಯರ ಡಬಲ್ಸ್! ಸಿಂಗಲ್ಸ್ ಬಗ್ಗೆ ಮಾತ್ರ ಮಾತಾಡುವವರಿಗೆ ನಾನು ಇದನ್ನು ನೆನಪಿಸುತ್ತಲೇ ಇರುತ್ತೇನೆ.

ಆ ಜೋಡಿಯನ್ನು ನೋಡಿ ಕಲಿಯಲು ತುಂಬಾ ಇತ್ತು. ಜ್ವಾಲಾ ಎಡಗೈ, ನೆಟ್ ಹತ್ತಿರ ಚುರುಕು. ಅಶ್ವಿನಿ ಬಲಗೈ, ಹಿಂದಿನಿಂದ ಬಿರುಸಾದ ಸ್ಮ್ಯಾಶ್. ಎಡಗೈ ಬಲಗೈ ಜೋಡಿಯಾದರೆ ಎದುರಿನವರಿಗೆ ಪ್ರತಿ ಸಲ ಲೆಕ್ಕ ಹಾಕಬೇಕಾಗುತ್ತದೆ. ಇಬ್ಬರೂ ಅಕ್ಕಪಕ್ಕ ನಿಂತಾಗ, ಯಾರು ಯಾವ ಕಡೆ ಇದ್ದಾರೆ ಅನ್ನುವುದರ ಮೇಲೆ ಒಮ್ಮೆ ಇಬ್ಬರ ಫೋರ್‌ಹ್ಯಾಂಡೂ (ರಾಕೆಟ್ ಹಿಡಿದ ಕೈಯ ಕಡೆ) ನಡುವೆ ಇರುತ್ತದೆ, ಇನ್ನೊಮ್ಮೆ ಎರಡೂ ಹೊರಗಡೆ.

2012ರ ಲಂಡನ್ ಒಲಿಂಪಿಕ್ಸ್ ಮಾತ್ರ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಜ್ವಾಲಾ, ಅಶ್ವಿನಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡು ಗೆದ್ದರು. ಬೇರೆ ಎರಡು ಜೋಡಿಗಳೂ ಎರಡೆರಡು ಗೆದ್ದಿದ್ದರಿಂದ ಅಂಕಗಳ ವ್ಯತ್ಯಾಸ ನೋಡಿದರು, ಇವರು ಹೊರಬಿದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಬೇಕೆಂದೇ ಸೋಲಲು ಹೋದ ನಾಲ್ಕು ಮಹಿಳಾ ಜೋಡಿಗಳನ್ನು ಆಟದಿಂದ ತೆಗೆದುಹಾಕಿದರು. ಒಂದು ಕಡೆ ಪ್ರಾಣ ಕೊಟ್ಟು ಆಡಿದವರು ಕೆಲವೇ ಅಂಕಕ್ಕೆ ಮನೆಗೆ, ಇನ್ನೊಂದು ಕಡೆ ಹೀಗೆ. ಆವತ್ತಿಂದ ನಾನು 20-9 ಇದ್ದರೂ ಒಂದು ಅಂಕ ಬಿಟ್ಟುಕೊಡಲು ಬಿಡುವುದಿಲ್ಲ. ಸೋಲುತ್ತಿರುವ ಗೇಮ್‌ನಲ್ಲೂ ಅಷ್ಟೇ. ಹನ್ನೊಂದಕ್ಕೆ ಸೋಲುವುದು ಬೇರೆ, ಹದಿನೇಳಕ್ಕೆ ಸೋಲುವುದು ಬೇರೆ.

ಮೈಸೂರಿಗೆ ಬಂದ ಮೇಲೆ ದೇಹ ಗಟ್ಟಿಯಾಗಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲಿಂದ. ಸುಮಾರು ಸಾವಿರ ಮೆಟ್ಟಿಲು. ಎಲ್ಲ ಹತ್ತುವುದಕ್ಕಿಂತ, ಕೆಳಗಿನ ಕಡಿದಾದ ಭಾಗವನ್ನೇ ಮತ್ತೆ ಮತ್ತೆ ಜೋರಾಗಿ ಹತ್ತಿ ನಿಧಾನವಾಗಿ ಇಳಿಯುವುದು ಡಬಲ್ಸ್‌ಗೆ ಒಳ್ಳೆಯದು. ಡಬಲ್ಸ್‌ನಲ್ಲಿ ದೂರ ಓಡುವುದು ಕಮ್ಮಿ. ಮಂಡಿ ಬಗ್ಗಿಸಿ ತಗ್ಗಿ ನಿಂತು ಸಟ್ಟನೆ ಚಿಮ್ಮುವುದು ಜಾಸ್ತಿ. ಕುಕ್ಕರಹಳ್ಳಿ ಕೆರೆ ಸುತ್ತ ಓಡುವುದು ಉಸಿರಿಗೆ ಚೆನ್ನಾಗಿದೆ, ಅಷ್ಟು ಸಾಕು.

ಕಾಕ್ ಬಗ್ಗೆ ಒಂದು ಮಾತು, ಇದನ್ನು ಬಹಳ ಜನ ಹೇಳಿಕೊಡುವುದಿಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಗಾಳಿ ತೆಳು, ಕಾಕ್ ಬೇಗ ಹೋಗುತ್ತದೆ. ಕಾಕ್‌ನ ವೇಗಕ್ಕೆ ಒಂದು ನಂಬರ್ ಇರುತ್ತದೆ, ನಂಬರ್ ಹೆಚ್ಚಿದಷ್ಟೂ ವೇಗ ಜಾಸ್ತಿ. ಅದಕ್ಕೇ ಇಲ್ಲಿ 76ರಂಥ ನಿಧಾನದ ನಂಬರ್ ಕಾಕ್ ಹೊಂದುತ್ತದೆ. ಮಂಗಳೂರಿಗೆ ಹೋದರೆ ಅದೇ ಕಾಕ್ ಭಾರ ಅನ್ನಿಸುತ್ತದೆ, ಸ್ಮ್ಯಾಶ್ ಅರ್ಧದಲ್ಲೇ ಸುಸ್ತಾಗುತ್ತದೆ. ಅಲ್ಲಿ 77, 78 ಬೇಕಾಗಬಹುದು. ಎಲ್ಲಿಗೆ ಹೋದರೂ ಮೊದಲು ಹಿಂದಿನ ಗೆರೆ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬಲ ಹಾಕಿ ಒಂದು ಹೊಡೆದು ನೋಡಿ. ಆಚೆ ಕಡೆಯ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ಆ ಜಾಗಕ್ಕೆ ಸರಿಯಾದ ಕಾಕ್. ಒಂದು ಕಾಕ್‌ನಲ್ಲಿ 16 ಗರಿ. ಒಂದು ಮುರಿದರೂ ಅದು ಓಲಾಡುತ್ತದೆ. ಬೇಸಿಗೆಯಲ್ಲಿ ಗರಿ ಒಣಗಿ ಬೇಗ ಮುರಿಯುತ್ತವೆ. ಅದಕ್ಕೆ ಹಿಂದಿನ ರಾತ್ರಿ ನೀರು ಕುದಿಸಿ, ಕಾಕ್ ಡಬ್ಬಿಯ ಮುಚ್ಚಳ ತೆಗೆದು, ಗರಿಯ ಕಡೆಗೆ ತುಸು ಹೊತ್ತು ಹಬೆ ಹಿಡಿದು ಮುಚ್ಚಿಡುತ್ತೇನೆ. ಕಾರ್ಕ್‌ಗೆ ಹಬೆ ತಾಗಿಸಬಾರದು. ಈಗಿನ ಗರಿ ಕಾಕ್ ಬೆಲೆ ನೋಡಿದರೆ ಈ ಕೆಲಸ ಮಾಡಲೇಬೇಕು. ಸಣ್ಣ ಊರಿನ ಮಕ್ಕಳಿಗೆ ಆಟ ಕೈಬಿಟ್ಟು ಹೋಗುವುದು ಎಷ್ಟೋ ಸಲ ಕಾಕ್ ಖರ್ಚಿನಿಂದಲೇ.

ಅಕ್ಕನಿಗೆ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ನನಗೆ ಹೊಸ ಜೊತೆ ಬೇಕಾಯಿತು. ಅದೇ ನನ್ನ ಆಟದ ಅತಿ ಕಷ್ಟದ ಕಾಲ. ಹೊಸ ಹುಡುಗಿಯೂ ನನ್ನ ಥರ ಮುಂದೆ ಆಡುವವಳು. ಯಾರೋ ಒಬ್ಬರು ಹಿಂದೆ ಹೋಗಬೇಕಿತ್ತು, ನಾನು ಹೋದೆ. ಭುಜಕ್ಕೆ ಬಲ ಕಟ್ಟಿಕೊಂಡು, ಹಿಂದಿನಿಂದ ಹೊಡೆಯುವುದನ್ನು ಹೊಸದಾಗಿ ಕಲಿತೆ. ಭಾರತದ ಪುರುಷರ ಡಬಲ್ಸ್‌ನ ಸಾತ್ವಿಕ್ ಸಾಯಿರಾಜ್, ಚಿರಾಗ್ ಶೆಟ್ಟಿ ಜೋಡಿಯ ಕಥೆಯೂ ಇಂಥದ್ದೇ. ಇಬ್ಬರೂ ಹಿಂದಿನಿಂದ ಹೊಡೆಯುವವರೇ. ಮಲೇಷ್ಯಾದ ಕೋಚ್ ಟಾನ್ ಕಿಮ್ ಹರ್ ಇಬ್ಬರನ್ನೂ ಜೊತೆ ಮಾಡಿದರು. ಮುಂದೆ ಅದೇ ಜೋಡಿ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೆ ಏರಿತು. ಅಶ್ವಿನಿಯೂ ಜೊತೆ ಬದಲಿಸುತ್ತಲೇ ಆಡಿದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಸಿಕ್ಕಿ ರೆಡ್ಡಿ ಜೊತೆ ಕಂಚು. ಆಮೇಲೆ ತನಗಿಂತ ಹದಿಮೂರು ಹದಿನಾಲ್ಕು ವರ್ಷ ಚಿಕ್ಕವಳಾದ ತನಿಷಾ ಕ್ರಾಸ್ಟೊ ಜೊತೆ ಸೇರಿ 2023ರಲ್ಲಿ ಅಬುಧಾಬಿ, ಗುವಾಹಟಿ ಟೂರ್ನಿ ಗೆದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದರು. ಅಲ್ಲಿ ಗೆಲುವು ಸಿಗಲಿಲ್ಲ. ಆದರೆ ಮೂವತ್ತು ದಾಟಿದ ಮೇಲೆ, ಚಿಕ್ಕ ವಯಸ್ಸಿನ ಹುಡುಗಿಯ ಆಟಕ್ಕೆ ತನ್ನ ಆಟ ಹೊಂದಿಸಿಕೊಂಡು ಮೂರನೇ ಒಲಿಂಪಿಕ್ಸ್ ಆಡುವುದು ಎಂಥ ಕೆಲಸ ಅಂತ ಜೊತೆ ಬದಲಿಸಿದವರಿಗೇ ಗೊತ್ತು.

ಎಷ್ಟೋ ಕಡೆ ಟೂರ್ನಿಯ ಬೆಳಗ್ಗೆ ಸಿಂಗಲ್ಸ್‌ಗೆ ಬಂದ ಇಬ್ಬರು ಮಕ್ಕಳನ್ನು ಹಿಡಿದು "ಇಬ್ಬರೂ ಡಬಲ್ಸ್ ಆಡ್ರಪ್ಪ" ಅಂತ ಹೆಸರು ಬರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹನ್ನೆರಡು ಹದಿಮೂರು ವಯಸ್ಸಿಗೆ ಜೋಡಿ ಮಾಡುತ್ತೇನೆ. ಕೆಲವು ತಿಂಗಳು ಒಟ್ಟಿಗೆ ಆಡಿಸಿ, ಆಮೇಲೆ ಬೇಕಂತಲೇ ಬೇರೆಯವರ ಜೊತೆ ಹಾಕುತ್ತೇನೆ. ಮುಂದೆ ಆಡುವವಳನ್ನು ಹಿಂದೆ, ಹಿಂದಿನವಳನ್ನು ಮುಂದೆ. ವಾರದಲ್ಲಿ ಒಂದು ದಿನ ಬರೀ ಸರ್ವಿಸ್, ರಿಸೀವ್, ಮೂರನೇ ಹೊಡೆತ. ಆ ದಿನ ಗೇಮ್ ಆಡಿಸುವುದಿಲ್ಲ. ಈ ವರ್ಷ ಒಬ್ಬ ಎಡಗೈ ಹುಡುಗಿ ಸೇರಿದ್ದಾಳೆ, ಅವಳ ಜೊತೆಗೆ ಹಿಂದಿನಿಂದ ಚೆನ್ನಾಗಿ ಹೊಡೆಯುವ ಬಲಗೈ ಹುಡುಗಿಯನ್ನು ಹಾಕಿದ್ದೇನೆ. ಇಬ್ಬರ ಸರ್ವಿಸ್ ದಾರವೂ ಈಗ ಗೇಣಿನ ಎತ್ತರದಲ್ಲಿದೆ. ದಸರಾ ಕ್ರೀಡಾಕೂಟದ ಹೊತ್ತಿಗೆ ನಾಲ್ಕು ಬೆರಳಿಗೆ ಇಳಿಸಬೇಕು.